ಸ್ಮಾಲ್ ಮಾಲಿಕ್ಯೂಲ್ ಅಂದ್ರೆ ಎಷ್ಟು ಸಣ್ಣದು? 500, 800, 900, 1000 – ಯಾವುದು ಸರಿ?

ಪ್ರಶ್ನೆ (ಡೊಂಬಿವಲಿಯ ಓದುಗರೊಬ್ಬರಿಂದ): ಸರ್ ನಮಸ್ಕಾರ. ಮಗಳು 11ನೇ ಸೈನ್ಸ್, ನೀಟ್‌ಗೆ ಓದ್ತಾ ಇದಾಳೆ. ಅವಳ ಎನ್‌ಸಿಇಆರ್‌ಟಿ ಬಯಾಲಜಿ ಪುಸ್ತಕದಲ್ಲಿ ಸಣ್ಣ ಅಣುಗಳು 18ರಿಂದ ಸುಮಾರು 800 ಡಾಲ್ಟನ್ ಅಂತ ಇದೆ, ಅದೇ ಪಾಠದಲ್ಲಿ ಮುಂದಕ್ಕೆ 1000ಕ್ಕಿಂತ ಕಮ್ಮಿ ಅಂತಾನೂ ಇದೆ. ನನ್ನ ಮೈದುನ ಗೋವಾದ ವೆರ್ಣಾದಲ್ಲಿ ಔಷಧಿ ಕಂಪನೀಲಿ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಡಿಪಾರ್ಟ್‌ಮೆಂಟಲ್ಲಿದಾರೆ, ಅವರು 500 ಅಂತಾರೆ. ನೆಟ್ಟಲ್ಲಿ 900 ಅಂತ ಇದೆ. ಯಾವುದನ್ನ ನಂಬೋದು? ಇನ್ನೊಂದು, ಅತ್ತೆಗೆ ಶುಗರ್, ಮೆಟ್‌ಫಾರ್ಮಿನ್ ಮಾತ್ರೆ ಜೊತೆ ಈಗ ಇನ್ಸುಲಿನ್ನೂ ಶುರುವಾಗಿದೆ. ಮಾತ್ರೆ ಸ್ಮಾಲ್ ಮಾಲಿಕ್ಯೂಲ್, ಇನ್ಸುಲಿನ್ ಬಯಾಲಜಿಕ್ ಅಂತ ಮೈದುನ ಹೇಳಿದ್ರು. ಸ್ಮಾಲ್ ಅಂದ್ರೆ ಪವರ್ ಕಮ್ಮಿ, ಹಳೇ ಕಾಲದ್ದು ಅಂತಾನಾ? ನ್ಯಾನೋ ಮೆಡಿಸಿನ್ ಅಂತಾರಲ್ಲ, ಅದೂ ಇದೂ ಒಂದೇನಾ?

ಉತ್ತರ:

ಮೇಡಂ, ನಮಸ್ಕಾರ. ನಾಲ್ಕೂ ನಂಬರ್ ಸರಿನೇ. ಸುಮ್ನೆ ಎಲ್ಲರನ್ನೂ ಸಮಾಧಾನ ಮಾಡೋಕೆ ಹೇಳ್ತಿರೋದಲ್ಲ ಇದು, ನಾನು ಪುಣೆಯಲ್ಲಿ ಔಷಧಿ ಕೆಮಿಸ್ಟ್ರಿ ಕೆಲಸದಲ್ಲೇ ಇರೋನು, ಈ ಶಬ್ದ ದಿನಾ ಬಾಯಲ್ಲಿ ಓಡಾಡುತ್ತೆ, ಆದ್ರೆ ಒಂದೊಂದು ರೂಮಿನಲ್ಲಿ ಒಂದೊಂದು ಅರ್ಥದಲ್ಲಿ ಓಡಾಡುತ್ತೆ. "ಸಣ್ಣ" ಅಂತ ಯಾರಾದ್ರೂ ಹೇಳಿದ್ರೆ ಮೊದಲು ಕೇಳಬೇಕಾದ್ದು ಎಷ್ಟು ಸಣ್ಣ ಅಂತಲ್ಲ, ಯಾವುದಕ್ಕಿಂತ ಸಣ್ಣ ಅಂತ. ಬಯಾಲಜಿ ಪಾಠದಲ್ಲಿ ಎದುರುಗಡೆ ನಿಂತಿರೋದು ಪ್ರೋಟೀನು, ಡಿಎನ್‌ಎ, ಪಿಷ್ಟ ಥರದ ದೊಡ್ಡ ಅಣುಗಳು. ಔಷಧಿ ಕಂಪನೀಲಿ ಎದುರಿಗಿರೋದು ಬಯಾಲಜಿಕ್, ಅಂದ್ರೆ ಇನ್ಸುಲಿನ್, ಲಸಿಕೆ ಥರದ ದೊಡ್ಡ ಔಷಧಿ. ಮೈದುನ ಹೇಳೋ 500ರ ಎದುರಿಗೆ ನಿಂತಿರೋದಂತೂ ಅಣುವೇ ಅಲ್ಲ, ನಮ್ಮ ಕರುಳಿನ ಗೋಡೆ. ಎದುರಿಗಿರೋದು ಬದಲಾದ ಹಾಗೆ ಗೆರೆ ಬದಲಾಗುತ್ತೆ, ಅಷ್ಟೇ.

ಮೊದಲು ಡಾಲ್ಟನ್ ಅಂದ್ರೇನು ಅಂತ ಒಂದು ಮಾತಲ್ಲಿ ಮುಗಿಸ್ತೀನಿ. ಕಾರ್ಬನ್-12ರ ಒಂದು ಪರಮಾಣುವಿನ ತೂಕದ ಹನ್ನೆರಡನೇ ಒಂದು ಭಾಗ, ಅಂದ್ರೆ ಹೆಚ್ಚುಕಮ್ಮಿ ಒಂದು ಹೈಡ್ರೋಜನ್ನಿನ ತೂಕ. ನೀರು 18, ಮೆಟ್‌ಫಾರ್ಮಿನ್ 129, ಪ್ಯಾರಾಸಿಟಮಾಲ್ 151, ಗ್ಲೂಕೋಸ್ 180, ಆಸ್ಪಿರಿನ್ನೂ 180, ಕಾಫಿಯ ಕೆಫೀನ್ 194. ಇನ್ಸುಲಿನ್ ಸುಮಾರು 5,800. ಸ್ತನ ಕ್ಯಾನ್ಸರಿಗೆ ಕೊಡೋ ಟ್ರಾಸ್ಟುಜುಮ್ಯಾಬ್ ಅನ್ನೋ ಆಂಟಿಬಾಡಿ (ಗುರಿ ಹುಡುಕಿ ಅಂಟಿಕೊಳ್ಳೋ ದೊಡ್ಡ ಪ್ರೋಟೀನು) ಸುಮಾರು 1,48,000. ಈ ಸಾಲನ್ನ ಒಂದ್ಸಲ ಮಗಳ ಹತ್ರ ಬರೆಸಿ, ಗೆರೆ 500ರಲ್ಲಿ ಎಳೆದ್ರೂ 1000ದಲ್ಲಿ ಎಳೆದ್ರೂ ಮೆಟ್‌ಫಾರ್ಮಿನ್ ಇನ್ಸುಲಿನ್ ಬೇರೆ ಬೇರೆ ಕಡೆಗೇ ಬೀಳುತ್ವೆ ಅಂತ ಅವಳಿಗೇ ಕಾಣುತ್ತೆ. ಜಗಳ ಇರೋದೆಲ್ಲ ನಡುವಿನ ಜಾಗದಲ್ಲಿ.

ಈಗ ಮಗಳ ಪುಸ್ತಕ. ಅಲ್ಲಿ 800 ಬಂದಿರೋದು ಒಂದು ಪ್ರಯೋಗದಿಂದ, ಅದನ್ನ ಬಿಟ್ಟು ಬರೀ ನಂಬರ್ ಬಾಯಿಪಾಠ ಮಾಡಿದ್ರೆ ಗೊಂದಲ ಆಗೇ ಆಗುತ್ತೆ. ಒಂದು ತುಂಡು ತರಕಾರಿನೋ ಲಿವರ್ರೋ ತಗೊಂಡು ಟ್ರೈಕ್ಲೋರೋ ಅಸೆಟಿಕ್ ಆಸಿಡ್ ಹಾಕಿ ಅರೆದು ಸೋಸ್ತಾರೆ. ಕೆಳಗೆ ಇಳಿದಿದ್ದು ಆಸಿಡ್ಡಿನಲ್ಲಿ ಕರಗೋ ಭಾಗ, ಬಟ್ಟೆ ಮೇಲೆ ಉಳಿದಿದ್ದು ಕರಗದ ಭಾಗ. ಕೆಳಗೆ ಬಂದಿದ್ದರಲ್ಲಿ ಅಮೈನೋ ಆಸಿಡ್, ಸಕ್ಕರೆ, ನ್ಯೂಕ್ಲಿಯೋಟೈಡ್ ಇಂಥವೆಲ್ಲ ಇರ್ತವೆ, ಅವುಗಳ ತೂಕ ನೋಡಿದ್ರೆ 18ರಿಂದ ಹೆಚ್ಚುಕಮ್ಮಿ 800. ಅಂದ್ರೆ 800 ಅನ್ನೋದು ಕಂಡದ್ದು. ಮುಂದೆ ಹೇಳೋ 1000 ಅನ್ನೋದು ಹೆಸರಿಡೋಕೆ ಇಟ್ಟುಕೊಂಡ ಗೆರೆ, ಅದರ ಕೆಳಗಿದ್ರೆ ಮೈಕ್ರೋಮಾಲಿಕ್ಯೂಲ್ ಅಂತ ಕರಿಯೋಣ ಅಂತ. ಮೇಲೆ ಉಳಿದಿದ್ದು ಪ್ರೋಟೀನು, ನ್ಯೂಕ್ಲಿಕ್ ಆಸಿಡ್, ಪಾಲಿಸ್ಯಾಕರೈಡ್, ಹತ್ತು ಸಾವಿರ ಡಾಲ್ಟನ್ ಮತ್ತು ಅದರ ಮೇಲೆ. ಆದ್ರೆ ಅಲ್ಲೊಂದು ಅಪವಾದ ಇದೆ, ಪರೀಕ್ಷೇಲಿ ಕೇಳೋಕೆ ಹೇಳಿ ಮಾಡಿಸಿದ ಹಾಗಿದೆ, ಲಿಪಿಡ್, ಅಂದ್ರೆ ಕೊಬ್ಬಿನ ಜಾತಿಯ ಅಣು. ಲಿಪಿಡ್ಡಿನ ತೂಕ 800ರ ಒಳಗೇ ಅಂತ ಪುಸ್ತಕ ಹೇಳುತ್ತೆ, ಆದ್ರೂ ಅದು ಮೇಲ್ಗಡೆ ಉಳಿಯುತ್ತೆ, ಯಾಕಂದ್ರೆ ಅರೆದಾಗ ಜೀವಕೋಶದ ಪೊರೆಗಳು ಚೂರಾಗಿ ಸಣ್ಣ ಸಣ್ಣ ಚೀಲಗಳಾಗ್ತವೆ, ಆ ಚೀಲಗಳು ನೀರಲ್ಲಿ ಕರಗಲ್ಲ, ಸೋಸೋವಾಗ ದೊಡ್ಡವುಗಳ ಜೊತೆ ಸಿಕ್ಕಿಹಾಕ್ಕೊಳ್ತವೆ. ಹಾಗಾಗಿ ಮೇಲೆ ಉಳಿದ್ರೂ ಲಿಪಿಡ್ ನಿಜವಾದ ಮ್ಯಾಕ್ರೋಮಾಲಿಕ್ಯೂಲ್ (ದೊಡ್ಡ ಅಣು) ಅಲ್ಲ. ಈ ಒಂದು ವಿಷಯ ಮಗಳಿಗೆ ಗಟ್ಟಿಯಾಗಿ ಗೊತ್ತಿರಲಿ.

ಮೈದುನರ 500ಕ್ಕೆ ಬರೋಣ. ಫೈಜರ್ ಕಂಪನೀಲಿದ್ದ ಕ್ರಿಸ್ಟೋಫರ್ ಲಿಪಿನ್ಸ್ಕಿ ಮತ್ತೆ ಅವರ ಜೊತೆಯವರು 1997ರಲ್ಲಿ ಒಂದು ಲೇಖನ ಬರೆದ್ರು. ಬಾಯಿಂದ ತಗೊಂಡ ಔಷಧಿ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಹೋಗಬೇಕಾದ್ರೆ ಅಣು ಹೇಗಿರಬೇಕು ಅಂತ ಆಗಲೇ ಇದ್ದ ಎರಡು ಸಾವಿರಕ್ಕೂ ಹೆಚ್ಚು ಸಂಯುಕ್ತಗಳನ್ನ ನೋಡಿ ಹೇಳಿದ್ರು: ತೂಕ 500 ದಾಟಬಾರದು, ಎಣ್ಣೆಯಲ್ಲಿ ಕರಗೋ ಗುಣದ ಅಳತೆ 5 ದಾಟಬಾರದು, ಹೈಡ್ರೋಜನ್ ಬಾಂಡ್ (ಅಣುಗಳ ನಡುವಿನ ಸಡಿಲ ಕೊಂಡಿ) ಕೊಡೋ ಜಾಗ 5ಕ್ಕಿಂತ ಜಾಸ್ತಿ ಬೇಡ, ತಗೊಳ್ಳೋ ಜಾಗ 10ಕ್ಕಿಂತ ಜಾಸ್ತಿ ಬೇಡ. ಎಲ್ಲ 5ರ ಮಗ್ಗಿಯಲ್ಲಿ ಇರೋದ್ರಿಂದ ರೂಲ್ ಆಫ್ ಫೈವ್ ಅಂತ ಹೆಸರು ಬಂತು. ಇವುಗಳಲ್ಲಿ ಎರಡು ಮೀರಿದ್ರೆ ಹೀರಿಕೊಳ್ಳೋದು ಕಷ್ಟ ಆಗಬಹುದು ಅನ್ನೋ ಎಚ್ಚರಿಕೆ ಅದು. ಸ್ಮಾಲ್ ಮಾಲಿಕ್ಯೂಲ್‌ನ ವ್ಯಾಖ್ಯೆ ಅಂತ ಲಿಪಿನ್ಸ್ಕಿ ಎಲ್ಲೂ ಹೇಳಿಲ್ಲ, ಆಂಟಿಬಯಾಟಿಕ್, ಫಂಗಸ್ ಔಷಧಿ, ವಿಟಮಿನ್ ಇವೆಲ್ಲ ಈ ನಿಯಮಕ್ಕೆ ಹೊರಗು ಅಂತ ಅವರೇ ಬರೆದಿದಾರೆ. ಆಮೇಲೆ ಲ್ಯಾಬಲ್ಲಿ ಮಾತಾಡ್ತಾ ಮಾತಾಡ್ತಾ 500ರ ಕೆಳಗಿದ್ರೆ ಸ್ಮಾಲ್ ಅಂತ ರೂಢಿಗೆ ಬಂತು. ವೆರ್ಣಾದ ಪ್ಲಾಂಟಲ್ಲಿ ಹಾಗೆ ಮಾತಾಡಿದ್ರೆ ತಪ್ಪೇನಿಲ್ಲ, ಎಲ್ಲರಿಗೂ ಅರ್ಥ ಆಗುತ್ತೆ. ಆದ್ರೆ ನಿಯಮ ಅಂತ ಹಿಡ್ಕೊಂಡ್ರೆ ತಕ್ಷಣ ಮುರಿಯುತ್ತೆ ನೋಡ್ರಿ. ಕೊಲೆಸ್ಟರಾಲ್‌ಗೆ ಮನೆಮನೆಯಲ್ಲಿ ನುಂಗೋ ಅಟೋರ್ವಾಸ್ಟಾಟಿನ್ 558. ಅಜಿತ್ರೋಮೈಸಿನ್ 749. ಟಿಬಿಗೆ ಕೊಡೋ ರಿಫಾಂಪಿಸಿನ್ 823. ಕಿಡ್ನಿ ಕಸಿ ಆದವರು ತಗೊಳ್ಳೋ ಸೈಕ್ಲೋಸ್ಪೋರಿನ್ 1,202, ಅದೂ ಬಾಯಿಂದಾನೇ. ಇವು ಯಾವುದನ್ನೂ ಔಷಧಿ ಲೋಕದಲ್ಲಿ ಬಯಾಲಜಿಕ್ ಅಂತ ಯಾರೂ ಕರಿಯಲ್ಲ. ನೆಟ್ಟಲ್ಲಿ ಸಿಕ್ಕಿದ 900 ಕೂಡ ಇದೇ ಜಾತೀದು, ಜೀವಕೋಶದ ಪೊರೆ ದಾಟಿ ಒಳಗೆ ಹೋಗೋಕೆ ಸಾಧ್ಯ ಇರೋ ಮೇಲಿನ ಮಿತಿ ಅಂತ ಸ್ವಲ್ಪ ಸಡಿಲವಾಗಿ ಹಾಕ್ಕೊಂಡ ಗೆರೆ.

ಹಾಗಾದ್ರೆ ತೂಕ ಬಿಟ್ಟು ಬೇರೇನು ಆಧಾರ? ಬಹಳ ಜನ ಹೇಳೋದು, ಕೆಮಿಕಲ್ಲಾಗಿ ಮಾಡಿದ್ದು ಸ್ಮಾಲ್ ಮಾಲಿಕ್ಯೂಲ್, ಜೀವಿಯಿಂದ ಮಾಡಿದ್ದು ಬಯಾಲಜಿಕ್ ಅಂತ. ಇದು ಕೇಳೋಕೆ ಚೆನ್ನಾಗಿದೆ, ಆದ್ರೆ ನಮ್ಮ ಪುಣೆಯೊಳಗೇ ಇದು ನಿಲ್ಲಲ್ಲ. ಪಿಂಪ್ರಿಯಲ್ಲಿ 1954ರಲ್ಲಿ ಸರ್ಕಾರ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಶುರು ಮಾಡ್ತು, ಪೆನಿಸಿಲಿನ್ ಮಾಡೋಕೆ. ಪೆನಿಸಿಲಿನ್ ಮಾಡೋದು ಒಂದು ಬೂಷ್ಟು, ದೊಡ್ಡ ದೊಡ್ಡ ಟ್ಯಾಂಕಿನಲ್ಲಿ ಬೆಳೆಸಿ ಅದರಿಂದ ತೆಗೀತಾರೆ, ಅಪ್ಪಟ ಜೀವಿಯ ಕೆಲಸ. ಆದ್ರೆ ಪೆನಿಸಿಲಿನ್ ಜಿ ತೂಕ 334, ಅದು ಸ್ಮಾಲ್ ಮಾಲಿಕ್ಯೂಲೇ. ಅದೇ ಪಿಂಪ್ರಿಯಲ್ಲಿ ಎಂ.ಜೆ. ತಿರುಮಲಾಚಾರ್ ಅವರ ತಂಡ ಹ್ಯಾಮೈಸಿನ್ ಅನ್ನೋ ಫಂಗಸ್ ಔಷಧಿ ಕಂಡುಹಿಡೀತು, ಅದೂ ಮಣ್ಣಿನ ಸೂಕ್ಷ್ಮಜೀವಿ ಕೊಟ್ಟಿದ್ದೇ, ತೂಕ 1000ದ ಆಚೆ ಹೋಗುತ್ತೆ, ಆದ್ರೂ ಸ್ಮಾಲ್ ಮಾಲಿಕ್ಯೂಲ್ ಸಾಲಿಗೇ ಸೇರುತ್ತೆ. ಪಿಂಪ್ರಿ ಬಿಟ್ಟು ಊರಿನ ಇನ್ನೊಂದು ತುದಿ ಹಡಪ್ಸರ್‌ಗೆ ಬಂದ್ರೆ ಅಲ್ಲಿ 1966ರಲ್ಲಿ ಶುರುವಾದ ಸೀರಮ್ ಇನ್‌ಸ್ಟಿಟ್ಯೂಟ್, ಅಲ್ಲಿ ಮಾಡೋದು ಲಸಿಕೆ, ಅದು ಬಯಾಲಜಿಕ್. ಎರಡೂ ಕಡೆ ಜೀವಿಗಳೇ ದುಡಿಯೋದು, ಹೊರಗೆ ಬರೋ ಮಾಲು ಬೇರೆ. ಉಲ್ಟಾ ಉದಾಹರಣೆನೂ ಇದೆ, ಇನ್‌ಕ್ಲಿಸಿರಾನ್ ಅಂತ ಕೊಲೆಸ್ಟರಾಲ್ ಇಂಜೆಕ್ಷನ್, ಪೂರ್ತಿ ಕೆಮಿಕಲ್ಲಾಗಿ ಮೆಷಿನ್ನಿನಲ್ಲಿ ಒಂದೊಂದೇ ಕೊಂಡಿ ಜೋಡಿಸಿ ಮಾಡೋ ಆರ್‌ಎನ್‌ಎ ತುಂಡು, ಹತ್ತು ಸಾವಿರ ಡಾಲ್ಟನ್ ಮೀರುತ್ತೆ, ಅದನ್ನ ಯಾರೂ ಸ್ಮಾಲ್ ಅನ್ನಲ್ಲ.

ನನ್ನ ಲೆಕ್ಕದಲ್ಲಿ, ಇಷ್ಟು ವರ್ಷ ಕೆಲಸ ಮಾಡಿ ನನಗೆ ನಿಜ ಅನ್ನಿಸಿರೋದು, ಎರಡು ಗುಣ. ಒಂದು, ಪ್ರತಿಯೊಂದು ಪರಮಾಣು ಎಲ್ಲಿ ಕೂತಿದೆ ಅಂತ ಪೂರ್ತಿ ಹೇಳೋಕೆ ಆಗಬೇಕು, ಮತ್ತೆ ಒಂದು ಬ್ಯಾಚಿನ ಅಣುವೂ ಇನ್ನೊಂದು ಬ್ಯಾಚಿನ ಅಣುವೂ ಹೂಬೇಹೂಬು ಒಂದೇ ಆಗಿರಬೇಕು. ಆಸ್ಪಿರಿನ್ನಲ್ಲಿ 21 ಪರಮಾಣು, ಮುಂಬೈಯಲ್ಲಿ ಮಾಡಿದ್ರೂ ಜರ್ಮನಿಯಲ್ಲಿ ಮಾಡಿದ್ರೂ ಅದೇ 21, ಅದೇ ಜೋಡಣೆ. ಎನ್‌ಎಂಆರ್, ಮಾಸ್ ಸ್ಪೆಕ್ ಅನ್ನೋ, ಅಣುವಿನ ರಚನೆ, ತೂಕ ತೋರಿಸೋ ಯಂತ್ರಗಳಲ್ಲಿ ಹಾಕಿ ನೋಡಿದ್ರೆ ಬಾಕಿ ಪ್ರಶ್ನೆನೇ ಉಳಿಯಲ್ಲ. ಎರಡು, ಅದು ಪೊರೆ ದಾಟಿ ಜೀವಕೋಶದ ಒಳಗೆ ಹೋಗೋ ಸಾಧ್ಯತೆ ಇರಬೇಕು. ಎಲ್ಲವೂ ಹೋಗಲ್ಲ, ಆದ್ರೆ ಹೋಗೋ ಜಾತಿ.

ಆಂಟಿಬಾಡಿ ಹಾಗಲ್ಲ. ಟ್ರಾಸ್ಟುಜುಮ್ಯಾಬನ್ನ ಮಾಡೋದು ಚೈನೀಸ್ ಹ್ಯಾಮ್‌ಸ್ಟರ್ ಅನ್ನೋ ಇಲಿಜಾತಿ ಪ್ರಾಣಿಯ ಅಂಡಾಶಯದ ಜೀವಕೋಶಗಳು, ಆ ಕೋಶಗಳು ಪ್ರೋಟೀನಿಗೆ ಸಕ್ಕರೆ ಸರಪಳಿಗಳನ್ನೂ ಅಂಟಿಸ್ತವೆ, ಅಂಟಿಸೋದು ಪ್ರತಿ ಸಲ ಒಂದೇ ಥರ ಇರಲ್ಲ. ಒಂದೇ ಬಾಟಲಿಯಲ್ಲೂ ಸ್ವಲ್ಪ ಸ್ವಲ್ಪ ಬೇರೆ ಇರೋ ಅಣುಗಳ ಗುಂಪು ಇರುತ್ತೆ, ಆ ಗುಂಪು ಒಂದು ಮಿತಿಯೊಳಗೆ ಇದೆಯಾ ಅಂತ ಪರೀಕ್ಷೆ ಮಾಡೋದು. ಅದಕ್ಕೇ ಮಾತ್ರೆಯ ಬೇರೆ ಕಂಪನಿ ಮಾಲಿಗೆ ಜೆನೆರಿಕ್ ಅಂತೀವಿ, ಆಂಟಿಬಾಡಿಯ ಬೇರೆ ಕಂಪನಿ ಮಾಲಿಗೆ ಬಯೋಸಿಮಿಲರ್ ಅಂತೀವಿ. ನಮ್ಮ ದೇಶದಲ್ಲಿ ಇದಕ್ಕೆ ಬೇರೆಯೇ ಮಾರ್ಗಸೂಚಿ ಬಂತು, 2012ರಲ್ಲಿ, ಆಮೇಲೆ 2016ರಲ್ಲಿ ತಿದ್ದಿದ್ರು.

ಈ ವ್ಯತ್ಯಾಸ ಪುಸ್ತಕದ ವಿಷಯ ಅಂತ ಅಂದ್ಕೋಬೇಡಿ ಮೇಡಂ, ಇದರ ಮೇಲೆ ಎಷ್ಟೋ ಜೀವ ನಿಂತಿತ್ತು. 1970ರ ಪೇಟೆಂಟ್ ಕಾಯ್ದೆ ಬಂದ ಮೇಲೆ 2005ರ ತನಕ ನಮ್ಮಲ್ಲಿ ಔಷಧಿಯ ಅಣುವಿಗೆ ಪೇಟೆಂಟ್ ಸಿಗ್ತಿರಲಿಲ್ಲ, ಮಾಡೋ ವಿಧಾನಕ್ಕೆ ಮಾತ್ರ. ಸ್ಮಾಲ್ ಮಾಲಿಕ್ಯೂಲ್ ಆದ್ರೆ ಬೇರೆ ದಾರಿ ಹಿಡಿದು ಅದೇ ಅಣುವಿಗೆ ಬಂದು ಮುಟ್ಟಬಹುದು, ಬಂದು ಮುಟ್ಟಿದ್ದು ಅದೇನಾ ಅಂತ ಸಾಬೀತು ಮಾಡಬಹುದು. ನಮ್ಮ ಕೆಮಿಸ್ಟ್‌ಗಳು ಅದನ್ನೇ ಮಾಡಿದ್ರು. 2001ರಲ್ಲಿ ಮುಂಬೈಯ ಸಿಪ್ಲಾ ಎಚ್‌ಐವಿಯ ಮೂರು ಔಷಧಿ ಸೇರಿಸಿ ವರ್ಷಕ್ಕೆ 350 ಡಾಲರಿಗೆ ಕೊಡ್ತೀವಿ ಅಂತ ಮುಂದೆ ಬಂದಾಗ ಹೊರದೇಶದಲ್ಲಿ ಅದೇ ಚಿಕಿತ್ಸೆಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೇಲೆ ಆಗ್ತಿತ್ತು. ಸ್ಟಾವುಡಿನ್ 224, ಲ್ಯಾಮಿವುಡಿನ್ 229, ನೆವಿರಾಪಿನ್ 266, ಮೂರೂ ಪುಟ್ಟ ಅಣುಗಳು. ಅವು ಆಂಟಿಬಾಡಿ ಆಗಿದ್ದಿದ್ರೆ ಆ ಬೆಲೆಗೆ, ಅಷ್ಟು ಬೇಗ, ಅಷ್ಟು ದೇಶಗಳಿಗೆ ಮುಟ್ತಿರಲಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಸ್ಮಾಲ್ ಮಾಲಿಕ್ಯೂಲ್ ಹಳೇದು, ಹಿಂದುಳಿದಿದ್ದು ಅನ್ನೋ ಮಾತು ಕೇಳಿದಾಗ ನನಗೆ ನಿಜವಾಗಲೂ ಬೇಜಾರಾಗುತ್ತೆ.

ಅತ್ತೆಯವರ ವಿಷಯಕ್ಕೆ ಬರ್ತೀನಿ. ಪವರ್ರಿಗೂ ಸೈಜಿಗೂ ಸಂಬಂಧ ಇಲ್ಲ. ಮೆಟ್‌ಫಾರ್ಮಿನ್ 129 ಡಾಲ್ಟನ್, ಅದನ್ನ 500 ಮಿಲಿಗ್ರಾಮ್, 1000 ಮಿಲಿಗ್ರಾಮ್ ಲೆಕ್ಕದಲ್ಲಿ ನುಂಗ್ತಾರೆ. ಥೈರಾಯ್ಡಿಗೆ ತಗೊಳ್ಳೋ ಥೈರಾಕ್ಸಿನ್ 777 ಡಾಲ್ಟನ್, ಅದು 50 ಮೈಕ್ರೋಗ್ರಾಮ್, 100 ಮೈಕ್ರೋಗ್ರಾಮ್ ಸಾಕು, ಅಂದ್ರೆ ಸಾವಿರಾರು ಪಟ್ಟು ಕಮ್ಮಿ. ಎರಡೂ ಸ್ಮಾಲ್ ಮಾಲಿಕ್ಯೂಲೇ. ಅದರಲ್ಲೂ ಥೈರಾಕ್ಸಿನ್ ಒಂದು ಹಾರ್ಮೋನು, ಇನ್ಸುಲಿನ್ನೂ ಹಾರ್ಮೋನು, ಒಂದನ್ನ ಬೆಳಿಗ್ಗೆ ಖಾಲಿ ಹೊಟ್ಟೇಲಿ ನುಂಗಬಹುದು, ಇನ್ನೊಂದನ್ನ ಚುಚ್ಚಿಕೊಳ್ಳಲೇಬೇಕು. ಯಾಕೆ ಅಂದ್ರೆ ಇನ್ಸುಲಿನ್ 51 ಅಮೈನೋ ಆಸಿಡ್ಡುಗಳ ಪ್ರೋಟೀನು, ಹೊಟ್ಟೆಗೆ ಹೋದ್ರೆ ಬೇಳೆ ಪ್ರೋಟೀನಿಗೆ ಆಗೋದೇ ಅದಕ್ಕೂ ಆಗುತ್ತೆ, ಜೀರ್ಣ ಆಗಿ ತುಂಡಾಗುತ್ತೆ, ತುಂಡಾಗದೆ ಉಳಿದ ಅಲ್ಪಸ್ವಲ್ಪಾನೂ ಕರುಳಿನ ಗೋಡೆ ದಾಟೋಕೆ ಆಗಲ್ಲ. ಡಾಕ್ಟ್ರು ಇನ್ಸುಲಿನ್ ಸೇರಿಸಿದ್ದು ಮಾತ್ರೆ ಕೈಲಾಗದ್ದು ಅಂತಲ್ಲ, ಎರಡರ ಕೆಲಸ ಬೇರೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್ ಸಕ್ಕರೆ ತಯಾರಿಸೋದನ್ನ ತಗ್ಗಿಸುತ್ತೆ, ಇನ್ಸುಲಿನ್ ದೇಹದಲ್ಲಿ ಸಾಲದೆ ಬಂದ ಇನ್ಸುಲಿನ್ನನ್ನೇ ತುಂಬಿಕೊಡುತ್ತೆ. ಎರಡನ್ನೂ ಡಾಕ್ಟ್ರು ಹೇಳಿದ ಹಾಗೇ ನಡೆಸಿ, ಇನ್ಸುಲಿನ್ ಶುರುವಾಯ್ತು ಅಂತ ಮಾತ್ರೆ ನಿಲ್ಲಿಸೋದು ಬೇಡ.

ಇನ್ಸುಲಿನ್ನಿನ ಸರ್ಕಾರಿ ಜಾತಿಯೇ ಒಂದು ಕಥೆ. ಅಮೆರಿಕದಲ್ಲಿ ಅದು ದಶಕಗಳ ಕಾಲ ಕಾನೂನಿನ ಪ್ರಕಾರ ಸಾಧಾರಣ ಡ್ರಗ್ ಪಟ್ಟಿಯಲ್ಲೇ ಇತ್ತು, 2020ರ ಮಾರ್ಚ್ 23ರಂದು ಬಯಾಲಜಿಕ್ ಪಟ್ಟಿಗೆ ಹೋಯ್ತು. ಅಣು ಬದಲಾಗಲಿಲ್ಲ, ಗೆರೆ ಸರಿಯಿತು. ಅಲ್ಲಿ ಪ್ರೋಟೀನು ಅನ್ನಿಸಿಕೊಳ್ಳೋಕೆ 40ಕ್ಕಿಂತ ಹೆಚ್ಚು ಅಮೈನೋ ಆಸಿಡ್ ಇರಬೇಕು ಅಂತ ಗೆರೆ ಹಾಕಿದಾರೆ. ಶುಗರ್‌ಗೆ, ತೂಕ ಇಳಿಸೋಕೆ ಕೊಡೋ, ಈಗ ಎಲ್ಲರ ಬಾಯಲ್ಲಿರೋ ಸೆಮಾಗ್ಲುಟೈಡ್ ನೋಡಿ, 31 ಅಮೈನೋ ಆಸಿಡ್, ತೂಕ 4,100ರ ಮೇಲೆ, ಹಾಗಾಗಿ ಅದು ಅಲ್ಲಿ ಇನ್ನೂ ಡ್ರಗ್ ಪಟ್ಟಿಯಲ್ಲೇ. ಸ್ಮಾಲ್ ಮಾಲಿಕ್ಯೂಲಾ ಅಂತ ಕೇಳಿದ್ರೆ ನಮ್ಮಲ್ಲಿ ಯಾರೂ ಹೂಂ ಅನ್ನಲ್ಲ, ಪೆಪ್ಟೈಡ್ (ಅಮೈನೋ ಆಸಿಡ್ಡುಗಳ ಚಿಕ್ಕ ಸರಪಳಿ) ಅಂತೀವಿ, ನಡುವಿನ ಜಾಗದ್ದು. ಅದರದ್ದು ಮಾತ್ರೆ ಕೂಡ ಬಂದಿದೆ, ಹೀರಿಕೊಳ್ಳೋಕೆ ಸಹಾಯ ಮಾಡೋ ಇನ್ನೊಂದು ರಾಸಾಯನಿಕ ಸೇರಿಸಿ. ಶುಗರ್‌ಗೆ ಇಂಜೆಕ್ಷನ್ ವಾರಕ್ಕೆ 1 ಮಿಲಿಗ್ರಾಮ್ ಆದ್ರೆ ಮಾತ್ರೆ ದಿನಕ್ಕೆ 14 ಮಿಲಿಗ್ರಾಮ್ ತನಕ ಬೇಕಾಗುತ್ತೆ, ಬಾಯಿಂದ ಹೋಗಿದ್ದರಲ್ಲಿ ರಕ್ತಕ್ಕೆ ಮುಟ್ಟೋದು ನೂರಕ್ಕೆ ಒಂದು ಭಾಗಾನೂ ಇಲ್ಲ. ಕರುಳಿನ ಗೋಡೆ ಎಷ್ಟು ಗಟ್ಟಿ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಡ.

ಎರಡರಲ್ಲಿ ಯಾವುದು ಮೇಲು ಅಂತ ಕೇಳೋರಿಗೆ ನಾನು ಸ್ತನ ಕ್ಯಾನ್ಸರಿನ ಹರ್-2 ಉದಾಹರಣೆ ಕೊಡ್ತೀನಿ, ಯಾಕಂದ್ರೆ ಅಲ್ಲಿ ಶತ್ರು ಒಂದೇ, ಎರಡೂ ಕಡೆಯಿಂದ ಹೊಡೆಯೋಕೆ ಔಷಧಿ ಇದೆ. ಹರ್-2 ಅನ್ನೋ ಪ್ರೋಟೀನು ಕೋಶದ ಪೊರೆಯಲ್ಲಿ ನೆಟ್ಟಿರುತ್ತೆ, ಅರ್ಧ ಹೊರಗೆ ಅರ್ಧ ಒಳಗೆ. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಟ್ರಾಸ್ಟುಜುಮ್ಯಾಬ್ ಹೊರಗಿನ ಭಾಗಕ್ಕೆ ಅಂಟಿಕೊಳ್ಳುತ್ತೆ, ಪೊರೆ ದಾಟಿ ಒಳಗಿನ ಭಾಗವನ್ನ ಮುಟ್ಟಲ್ಲ. 2007ರಲ್ಲಿ ಬಂದ ಲ್ಯಾಪಾಟಿನಿಬ್ 581 ಡಾಲ್ಟನ್, ಮಾತ್ರೆ, ಅದು ಪೊರೆ ದಾಟಿ ಒಳಗಿನ ಭಾಗವನ್ನ ತಡೆಯುತ್ತೆ. ಆಂಟಿಬಾಡಿ ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತೆ, ಅದಕ್ಕೇ ಮೂರು ವಾರಕ್ಕೊಂದ್ಸಲ ಡ್ರಿಪ್ ಸಾಕಾಗುತ್ತೆ, ಗುರಿ ಬಿಟ್ಟು ಬೇರೆ ಕಡೆ ಅಂಟೋದೂ ಕಮ್ಮಿ, ಆದ್ರೂ ಹೃದಯದ ಮೇಲೆ ಕಣ್ಣಿಡಬೇಕಾಗುತ್ತೆ. ಮಾತ್ರೆ ದಿನಾ ಬೇಕು, ಎಲ್ಲ ಕಡೆ ಹರಡುತ್ತೆ, ಭೇದಿ, ಚರ್ಮದ ಗುಳ್ಳೆ ಥರದ ತೊಂದರೆ ಕೊಡುತ್ತೆ. ಹೆಸರಿನ ಬಾಲ ನೋಡಿದ್ರೂ ಗುರುತು ಸಿಗುತ್ತೆ, "ಮ್ಯಾಬ್" ಅಂತ ಮುಗಿದ್ರೆ ಆಂಟಿಬಾಡಿ, "ಟಿನಿಬ್" ಅಂತ ಮುಗಿದ್ರೆ ಹೀಗೆ ಒಳಗೆ ಹೋಗೋ ಸ್ಮಾಲ್ ಮಾಲಿಕ್ಯೂಲ್.

ಸಣ್ಣದು ಅಂದ್ರೆ ಸೌಮ್ಯ ಅಂತಾನೂ ತಿಳ್ಕೋಬೇಡಿ. 2018ರಲ್ಲಿ ಬಿಪಿಯ ವಾಲ್ಸಾರ್ಟಾನ್ ಮಾತ್ರೆಗಳನ್ನ ಎಷ್ಟೋ ದೇಶಗಳಲ್ಲಿ ಮಾರ್ಕೆಟ್ಟಿಂದ ವಾಪಸ್ ತರಿಸಿದ್ರು, ಒಳಗೆ ಎನ್‌ಡಿಎಂಎ ಅನ್ನೋ ಕಲ್ಮಶ ಸಿಕ್ಕಿತ್ತು, ಕ್ಯಾನ್ಸರ್ ತರಬಹುದಾದದ್ದು. ತೂಕ ಬರೀ 74. ತಯಾರಿಸೋ ವಿಧಾನದಲ್ಲಿ ಸಾಲ್ವೆಂಟು, ರಿಏಜೆಂಟು ಬದಲಾಯಿಸಿದಾಗ ಹುಟ್ಟಿಕೊಂಡಿದ್ದು. ಅದಕ್ಕೆ ಹಾಕಿದ ದಿನದ ಮಿತಿ 96 ನ್ಯಾನೋಗ್ರಾಮ್. ಮೈದುನರನ್ನ ಕೇಳಿ, ಅದಾದ ಮೇಲೆ ಕ್ಯೂಸಿಯವರ ಕೆಲಸ ಎಷ್ಟು ಜಾಸ್ತಿ ಆಯ್ತು ಅಂತ ಅವರೇ ಹೇಳ್ತಾರೆ.

ಔಷಧಿ ಬಿಟ್ಟು ಬೇರೆ ಕಡೆಯೂ ಈ ಶಬ್ದ ಸಿಗುತ್ತೆ, ಮಗಳು ಮುಂದೆ ಕೆಮಿಸ್ಟ್ರಿ ತಗೊಂಡ್ರೆ ಎದುರಾಗುತ್ತೆ. ಇಲ್ಲಿ ಪಾಷಾಣ್‌ನ ಎನ್‌ಸಿಎಲ್ (ರಾಷ್ಟ್ರೀಯ ರಸಾಯನ ಪ್ರಯೋಗಾಲಯ) ಥರದ ಜಾಗದಲ್ಲಿ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸೋ ವಸ್ತು) ಕೆಲಸ ಮಾಡೋರಿಗೆ ಸ್ಮಾಲ್ ಮಾಲಿಕ್ಯೂಲ್ ಅಂದ್ರೆ ಹೈಡ್ರೋಜನ್, ನೈಟ್ರೋಜನ್, ಕಾರ್ಬನ್ ಡೈಆಕ್ಸೈಡ್ ಅಂತ ಅರ್ಥ, ಅವರಿಗೆ ಆಸ್ಪಿರಿನ್ನೇ ದೊಡ್ಡದು. ಮೊಬೈಲಿನ ಒಎಲ್‌ಇಡಿ ಸ್ಕ್ರೀನ್ ಮಾಡೋರಿಗೆ ಎದುರಿಗಿರೋದು ಪಾಲಿಮರ್ (ಒಂದೇ ಥರದ ಕೊಂಡಿಗಳ ಉದ್ದ ಸರಪಳಿ), ಹಾಗಾಗಿ ಪಾಲಿಮರ್ ಅಲ್ಲದೆ ಬಿಡಿ ಬಿಡಿ ಅಣುವಾಗಿ ಆವಿ ಮಾಡಿ ಕೂರಿಸೋಕೆ ಆಗೋದೆಲ್ಲ ಸ್ಮಾಲ್.

ಕೊನೇ ಪ್ರಶ್ನೆ, ನ್ಯಾನೋ. ಅದು ಬೇರೇನೇ, ಮತ್ತೆ ಸ್ಮಾಲ್ ಮಾಲಿಕ್ಯೂಲಿಗಿಂತ ದೊಡ್ಡದು. ಆಸ್ಪಿರಿನ್ ಅಣು ಒಂದು ನ್ಯಾನೋಮೀಟರಿಗಿಂತ ಚಿಕ್ಕದು, ಆಂಟಿಬಾಡಿ ಹತ್ತು ನ್ಯಾನೋಮೀಟರ್ ಆಸುಪಾಸು, ನ್ಯಾನೋ ಕಣ ಅಂತ ಕರಿಯೋದು ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಅಳತೆಯ ಕಣವನ್ನ, ಅದು ಒಂದೇ ಅಣು ಆಗಿರಬೇಕಂತಿಲ್ಲ, ಸಾವಿರಾರು ಅಣು ಸೇರಿದ ಮುದ್ದೆ ಆಗಿರಬಹುದು. ಎರಡೂ ಒಟ್ಟಿಗೆ ಬರೋದೂ ಉಂಟು. ಡಾಕ್ಸೋರುಬಿಸಿನ್ ಅನ್ನೋ ಕ್ಯಾನ್ಸರ್ ಔಷಧಿ 543 ಡಾಲ್ಟನ್, ಸ್ಮಾಲ್ ಮಾಲಿಕ್ಯೂಲ್. ಅದನ್ನ ಸುಮಾರು 80–90 ನ್ಯಾನೋಮೀಟರಿನ ಲಿಪಿಡ್ ಚೀಲದೊಳಗೆ ತುಂಬಿ ಮಾಡಿದ ಇಂಜೆಕ್ಷನ್ನಿಗೆ 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, ಹೃದಯಕ್ಕೆ ಆಗೋ ಹಾನಿ ಕಮ್ಮಿ ಮಾಡೋಕೆ ಆ ಚೀಲ ನೆರವಾಗುತ್ತೆ. ಚೀಲ ನ್ಯಾನೋ, ಒಳಗಿರೋದು ಸ್ಮಾಲ್ ಮಾಲಿಕ್ಯೂಲ್, ಮತ್ತೆ ಆ ಚೀಲದ ಗೋಡೆ ಆಗಿರೋದು ಮಗಳ ಪುಸ್ತಕದಲ್ಲಿ ಅಪವಾದ ಅಂತ ಬರೋ ಅದೇ ಜಾತಿಯ ಲಿಪಿಡ್ಡುಗಳಿಂದ.